ಮಗ್ಗ ಕುಂಟಿದ ಮೇಲೆ

ನನಗೆ ಲಕ್ವಾ ಹೊಡೆದದ್ದು ನನಗಿಂತ ಮೊದಲು ಗೊತ್ತಾದದ್ದು ನಮ್ಮ ಅತ್ತೆಗೆ. ಅದೂ ನನ್ನ ಮುಖ ನೋಡಿ ಅಲ್ಲ. ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಪಡಸಾಲೆಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದೆ. ನಡುವೆ ಗೋಡೆ. ಗೋಡೆಯಾಚೆಯಿಂದ ಕೂಗಿದರು.

"ಶಾಂತಾ, ಮಗ್ಗ ಯಾಕವಾ ಕುಂಟಾಕತ್ತೈತಿ?"

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಬಾಳಿದವರಿಗೆ ಮಗ್ಗದ ಸಪ್ಪಳ ಉಸಿರಾಟವಿದ್ದ ಹಾಗೆ. ಸರಿಯಾಗಿ ನಡೆದಿರುವಾಗ ಯಾರಿಗೂ ಕೇಳುವುದಿಲ್ಲ, ತಪ್ಪಿತೆಂದರೆ ಎಲ್ಲರಿಗೂ ಕೇಳುತ್ತದೆ. ಬಲಗೈ ಹಗ್ಗ ಎಳೆದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಎಡಗೈ ಹಣಿಗೆಯ ಮರವನ್ನು ಮುಂದಕ್ಕೆಳೆದು ಎಳೆಯನ್ನು ಬಡಿದು ಕೂರಿಸುತ್ತದೆ. ಅವತ್ತು ಲಾಳಿ ಓಡುತ್ತಿತ್ತು, ಬಡಿತ ಬೀಳುತ್ತಿರಲಿಲ್ಲ. ನೋಡಿದರೆ ನನ್ನ ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಯಾರದೋ ಕೈ ಮರೆತು ಬಿಟ್ಟುಹೋಗಿದ್ದಾರೆ ಎನ್ನಿಸಿತು.

"ಏನಿಲ್ರಿ ಅತ್ತಿ" ಎಂದೆ. ಮಾತು ಬಾಯಿತುಂಬ ಬಿಸಿ ಅನ್ನ ಇಟ್ಟುಕೊಂಡವರಂತೆ ಹೊರಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಮುಖ ನೋಡಿ, ಹೊರಗೆ ಹೋಗಿ ಇಡೀ ಓಣಿಗೆ ಕೇಳುವಂತೆ ಚೀರಿದರು. ನೂಲು ತರಲು ಹೋಗಿದ್ದ ನನ್ನ ಗಂಡ ಬರುವಷ್ಟರಲ್ಲಿ ನಾನು ಟಂಟಂ ರಿಕ್ಷಾದಲ್ಲಿ ಮಲಗಿದ್ದೆ. ಅಲ್ಲಿಂದ ನಮ್ಮೂರ ದವಾಖಾನೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ನರೇಗಲ್ ಮೇಲೆ ಹಾಯ್ದು ಗದಗ. "ಲಗೂ ತಂದೀರಿ, ಚಲೋ ಆತು" ಎಂದರು ಅಲ್ಲಿಯ ಡಾಕ್ಟರು. ಇವತ್ತು ನಾನು ಕೂತು ಇದನ್ನು ಬರೆಯುತ್ತಿದ್ದೇನೆಂದರೆ ಅದು ನಮ್ಮ ಅತ್ತೆಯ ಕಿವಿಯ ಪುಣ್ಯ. ಕರೆದಾಗ ಒಮ್ಮೆಯೂ ಕೇಳಿಸದ ಕಿವಿ ಅದು!

ಕಾಲು ಬೇಗ ಬಂತು. ಒಳ್ಳೆಯ ಸೊಸೆ ತವರಿನಿಂದ ಹೇಳಿದ ದಿನಕ್ಕೆ ತಿರುಗಿ ಬರುವ ಹಾಗೆ. ಬಾಯಿಯೂ ಹೆಚ್ಚುಕಡಿಮೆ ನೆಟ್ಟಗಾಯಿತು. ಎಡಗೈ ಮಾತ್ರ ಒಲ್ಲೆ ಎಂದಿತು. ಸ್ಕ್ಯಾನಿಗೆ ಹಾಕುವ ಮೊದಲು ಆ ಕೈಯ ಹಸಿರು ಗಾಜಿನ ಬಳೆಗಳನ್ನು ತೆಗೆದಿದ್ದರು. ಅತ್ತೆ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಾನು ದವಾಖಾನೆಯಲ್ಲಿದ್ದಷ್ಟು ದಿನವೂ ಬಿಚ್ಚಲಿಲ್ಲ.

ಮನೆಗೆ ಬಂದ ಮೇಲೆ ಜನ. ನೋಡಲು ಬಂದವರೆಲ್ಲ ಒಳ್ಳೆಯವರೇ, ಆದರೆ ನನ್ನೆದುರು ಕೂತು ನನ್ನ ಬಗ್ಗೆ ಅತ್ತೆಯ ಜೊತೆ ಮಾತಾಡುತ್ತಿದ್ದರು. ಕೈ ಹೋದರೆ ಕಿವಿಯೂ ಹೋಗುತ್ತದೆ ಎಂದು ಇವರಿಗೆ ಯಾರು ಹೇಳಿದರೋ. "ಪಾಪ, ಉಂತಾಳೇನವಾ?" ಎಂದು ಅತ್ತೆಯನ್ನು ಕೇಳುವರು. ಪಾಪ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರೋಣದಿಂದ ಬಂದ ನನ್ನ ಅಣ್ಣ, ಪಾರಿವಾಳದ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಲಕ್ವಾ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಪಾರಿವಾಳ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಯೂ ಬಂದಿದ್ದ. "ನನ್ನ ಒಂದು ಕೈ ಸಲವಾಗಿ ಅದರ ಜೀಂವಾ ಯಾಕೋ ಅಣ್ಣಾ" ಎಂದೆ. ಪಾರಿವಾಳ ಬದುಕಿತು.

ಒಂದು ಕೈಯಲ್ಲಿ ಏನೇನು ಆಗುವುದಿಲ್ಲ ಎಂಬುದು ಒಂದೇ ಕೈ ಇರುವವರಿಗಷ್ಟೇ ಗೊತ್ತು. ರೊಟ್ಟಿ ಮುರಿಯಬಹುದು, ಜಡೆ ಹೆಣೆದುಕೊಳ್ಳಲಾಗದು. ಜಡೆಯ ಕೆಲಸ ನನ್ನ ಗಂಡ ವಹಿಸಿಕೊಂಡರು. ಜೀವಮಾನವೆಲ್ಲ ಹಾಸಿನ ನೂಲು ಬಿಗಿದ ಕೈ, ಜಡೆಯನ್ನೂ ಹಾಗೇ ಬಿಗಿದರು. ನನ್ನ ಹುಬ್ಬು ಮೇಲೇರಿ ಇಡೀ ದಿನ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದೆ. ನೋವಾಗುತ್ತದೆ ಎಂದು ಹೇಳಲಿಲ್ಲ. ಹೇಳಿದರೆ ಬಿಟ್ಟುಬಿಡುತ್ತಾರೆಂಬ ಹೆದರಿಕೆ ಇತ್ತು.

ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗ. ಒಂದು ಅವರದು, ಒಂದು ನನ್ನದು. ನನ್ನ ಮಗ್ಗದ ಮೇಲೆ ಅರ್ಧ ನೇದ ಪಟ್ಟೇದ ಅಂಚಿನ ಸೀರೆ ನಿಂತಿತ್ತು. ನರಗುಂದದಲ್ಲಿ ಕಾಳಿನ ವ್ಯಾಪಾರ ಮಾಡುವ ಮನೆಯ ಗಿರಿಜಕ್ಕ ಮಗಳ ಮದುವೆಗೆಂದು ಹೇಳಿ ನೇಯಿಸುತ್ತಿದ್ದ ಸೀರೆ. ಸಣ್ಣ ಸಣ್ಣ ಚೌಕಡಿಯ ಮೈ, ಅಗಲ ಅಂಚು. ಈ ಸೀರೆಗೆ ಎರಡೂ ಮಗ್ಗುಲು ಒಂದೇ, ಒಳಗು ಹೊರಗು ಇಲ್ಲ. ಹಾಗಾಗಿ ತಪ್ಪು ಮುಚ್ಚಿಡಲು ಜಾಗವೂ ಇಲ್ಲ.

ನಮ್ಮ ಮನೆಯಲ್ಲಿ ಒಂದು ಮಾತಿದೆ: ಒಂದ ಸೀರಿ, ಒಂದ ಕೈ. ಒಬ್ಬೊಬ್ಬರ ಬಡಿತ ಒಂದೊಂದು ಥರ. ಕೈ ಬದಲಾದ ಕಡೆ ಬಟ್ಟೆಯ ಮೇಲೆ ಅಡ್ಡ ಗೆರೆ ಬೀಳುತ್ತದೆ. ಆದ್ದರಿಂದ ಒಬ್ಬರು ಅರ್ಧ ನೇದ ಸೀರೆಗೆ ಇನ್ನೊಬ್ಬರು ಕೂರುವುದಿಲ್ಲ. ನೇಯುವವರು ಇನ್ನು ಕೂರುವುದಿಲ್ಲವೆಂದು ಗೊತ್ತಾದರೆ ಹಾಸನ್ನು, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲನ್ನು, ಕೊಯ್ದು ಇಳಿಸಿಬಿಡುತ್ತಾರೆ. ನಮ್ಮ ಮಾವ ತೀರಿಕೊಂಡಾಗ ಅವರ ಮಗ್ಗದ ಹಾಸು ಕೊಯ್ದದ್ದನ್ನು ನಾನು ನೋಡಿದ್ದೆ. ಕತ್ತರಿ ಆಡಿದ ಕೂಡಲೇ ಬಿಗಿದ ನೂಲೆಲ್ಲ ಒಮ್ಮೆಲೇ ಜೋತುಬಿದ್ದಿತ್ತು. ಈಗ ಬಂದವರೆಲ್ಲ ನನ್ನ ಮಗ್ಗ ನೋಡಿ ಅದನ್ನೇ ಹೇಳಹತ್ತಿದರು.

"ಹಾಸು ಕೊಯ್ದ ಬಿಡ್ರಿ. ಸುಮ್ಮನ ಎಷ್ಟ ದಿನಾ ಮಗ್ಗಾ ಹಿಡಕೊಂಡ ಕುಂಡ್ರತೈತಿ?"

"ಆಕಿ ಕೊಯ್ಯಂದ್ರ ಕೊಯ್ತೀನಿ" ಎನ್ನುವರು ನನ್ನ ಗಂಡ. ಆಮೇಲೆ ನನ್ನ ಕಡೆ ನೋಡುವರು.

"ಇರ್ಲಿ" ಎನ್ನುತ್ತಿದ್ದೆ. ಅಷ್ಟೇ ಮಾತು. ಆ ನೂಲು ಬಿಗಿದು ನಿಂತಿರುವತನಕ ನಾನು ನೇಕಾರಳು, ಕೊಯ್ದ ಮೇಲೆ ಒಂದು ಕೈಯಿಲ್ಲದ ಹೆಂಗಸು. ಅವರಿಗೂ ಅದು ಗೊತ್ತಿತ್ತು. ದಿನಾ ಮುಂಜಾನೆ ನನ್ನ ಮಗ್ಗದ ಧೂಳು ಜಾಡಿಸಿ, ಹಳೆಯ ಧೋತರ ಮುಚ್ಚಿ, ಆಮೇಲೆ ತಮ್ಮ ಮಗ್ಗಕ್ಕೆ ಕೂರುತ್ತಿದ್ದರು. ಆದರೆ ಗಂಜಿ ಹಾಕಿದ ನೂಲು ಮಳೆಗಾಲದ ತಂಪಿಗೆ ಬೂಸು ಹಿಡಿಯುತ್ತದೆ, ಗಂಜಿಯ ಆಸೆಗೆ ಇಲಿ ಬರುತ್ತದೆ. "ಮಳಿ ಹಿಡಿಯೂದರೊಳಗ ನೋಡೂಣು" ಎಂದರು ಒಂದು ದಿನ, ಬೇರೆ ಕಡೆ ಮುಖ ಮಾಡಿ. ಅಲ್ಲಿಗೆ ನನಗೆ ಗಡುವು ಸಿಕ್ಕಿತು.

ಗದಗಿನ ದವಾಖಾನೆಯಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವವರು ಸುಜಾತಾ ಬಾಯಾರು. ದಿನಾ ಗದಗಿಗೆ ಬಂದುಹೋಗುವುದು ನಮ್ಮಿಂದ ಆಗದೆಂದು ತಿಳಿದು, ನಮ್ಮ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಅದರಲ್ಲಿ ವ್ಯಾಯಾಮದ ವಿಡಿಯೋಗಳು. ಜೊತೆಗೆ ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳಲು ಗಡಿಯಾರದಂಥ ಒಂದು ಪಟ್ಟಿ, ದವಾಖಾನೆಯದು, ಕೆಲಸ ಮುಗಿದ ಮೇಲೆ ಮರಳಿ ಕೊಡಬೇಕು. ಕೈ ಅಲ್ಲಾಡಿದಂತೆಲ್ಲ ಫೋನಿನ ಪರದೆಯ ಮೇಲೆ ಬೂದು ಬಣ್ಣದ ಒಂದು ಸುತ್ತು ಸ್ವಲ್ಪ ಸ್ವಲ್ಪವೇ ಹಸಿರಾಗುತ್ತದೆ. ಪೂರ್ತಿ ಹಸಿರಾದರೆ ಅವತ್ತಿನ ಕೆಲಸ ಮುಗಿದಂತೆ.

ಅತ್ತೆ ಅದಕ್ಕೆ ಬಳೆ ಎಂದೇ ಹೆಸರಿಟ್ಟರು. "ಇವತ್ತ ಬಳಿ ತುಂಬ್ತೇನವಾ?" ಎಂದು ಸಂಜೆ ಸಂಜೆ ಕೇಳುವರು. ತುಂಬುತ್ತಿರಲಿಲ್ಲ. ಆ್ಯಪಿನೊಳಗಿನ ಹೆಣ್ಣು ದನಿ, ಪುಸ್ತಕದ ಭಾಷೆಯಲ್ಲಿ, "ನಿಮ್ಮ ಎಡಗೈಯನ್ನು ನಿಧಾನವಾಗಿ ಮುಂದಕ್ಕೆ ಚಾಚಿರಿ" ಎನ್ನುತ್ತಿತ್ತು. ನಾನು ಚಾಚಿರಿ ಎಂದು ಕೈಗೆ ಹೇಳುತ್ತಿದ್ದೆ, ಕೈ ಕೇಳುತ್ತಿರಲಿಲ್ಲ. "ಬಹಳ ಚೆನ್ನಾಗಿ ಮಾಡಿದಿರಿ!" ಎನ್ನುತ್ತಿತ್ತು ಆ ದನಿ. "ಏನ ಮಾಡ್ಯಾಳವಾ ಆಕಿ? ಏನೂ ಮಾಡಿಲ್ಲ" ಎಂದು ಅತ್ತೆ ಫೋನಿಗೆ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಸುಳ್ಳು ಹೇಳದ ಒಬ್ಬರಾದರೂ ಇದ್ದರಲ್ಲ ಎಂದು ನನಗೆ ಸಮಾಧಾನ.

ಒಂದು ವಿಡಿಯೋದಲ್ಲಿ, ಮನೆಯವರು ಸಹಾಯಕ್ಕೆ ಕೈ ಹಿಡಿದು ಹಿಂದೆಮುಂದೆ ಆಡಿಸಬಹುದು ಎಂದು ತೋರಿಸಿದ್ದರು. ಅದನ್ನು ನನ್ನ ಗಂಡ ಮತ್ತೆ ಮತ್ತೆ ನೋಡಿದರು. ಆಮೇಲೆ ತಮ್ಮ ಮಗ್ಗದ ಕಡೆ ನೋಡಿದರು.

"ಇದ ನಮ್ಮ ಹಣಿಗಿ ಎಳದಂಗ ಐತೆಲ್ಲ! ಮುಂದ, ಹಿಂದ. ನಾ ನೇಯ್ತೀನಿ, ನಿನ್ನ ಕೈ ಜೋಡಿ ಬರ್ಲಿ. ಎರಡೂ ಕೆಲಸ ಒಮ್ಮೆಲೇ ಆಗ್ತಾವು."

ನೇಕಾರನಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಇದು! ಹಳೆಯ ಸೀರೆಯ ಮೆತ್ತನೆಯ ಅಂಚು ಹರಿದು, ನನ್ನ ಎಡಗೈಯನ್ನು ಅವರ ಮಗ್ಗದ ಹಣಿಗೆಯ ಮರಕ್ಕೆ ಕಟ್ಟಿದರು. ಮರದ ತುದಿಗೆ, ಅವರ ಎಡಗಡೆಗೆ ನಾನು. ಅವರು ಎಳೆದರು, ನನ್ನ ಕೈ ಬಂತು. ದೂಡಿದರು, ನನ್ನ ಕೈ ಹೋಯಿತು. ಟಕ್, ಟಕ್ ಎಂದು ಮಗ್ಗ ನಡೆಯಿತು. ಎಷ್ಟೋ ದಿನದ ಮೇಲೆ ಮಗ್ಗದ ಪಕ್ಕ ಕೂತಿದ್ದೆ, ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಸುಖವಾಯಿತು, ಯಾಕೆ ಇಲ್ಲವೆನ್ನಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಬಳೆ ತುಂಬಿ ಹಸಿರಾಯಿತು. ಫೋನು ಹೂವು ಉದುರಿಸಿ ಶಾಭಾಸ್ ಎಂದಿತು. ಅತ್ತೆ ಅವತ್ತು ಸಿಹಿ ಸಜ್ಜಕ ಮಾಡಿದರು.

ಆಮೇಲೆ ದಿನಾ ಬಳೆ ತುಂಬಿತು. ಅತ್ತೆ ಓಣಿಯವರಿಗೆಲ್ಲ ಫೋನು ತೋರಿಸಿದರು. ಹಾಸು ಕೊಯ್ಯಿರಿ ಎಂದವರು ಬಾಯಿ ಮುಚ್ಚಿದರು. ನಾನೂ ನಂಬಿದೆ. ಕಟ್ಟು ಬಿಚ್ಚಿದ ಮೇಲೆ ಕೈ ತಾನಾಗಿ ಏಳುತ್ತಿರಲಿಲ್ಲ, ಆದರೆ ಇಷ್ಟು ಹಸಿರು ಸುಳ್ಳಾಗುತ್ತದೆಯೇ? ಇವತ್ತಲ್ಲದಿದ್ದರೆ ನಾಳೆ ಎದ್ದೀತು ಎಂದುಕೊಂಡೆ.

ಗದಗಿಗೆ ತೋರಿಸಲು ಹೋದ ದಿನ ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕಾಯುವ ಕೋಣೆಯ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರು ಇನ್ನೊಬ್ಬರ ಕೈಕಾಲು ನೋಡುತ್ತಾರೆ, ನೋಡಿಲ್ಲವೆಂಬಂತೆ ಗೋಡೆ ನೋಡುತ್ತಾರೆ. ನಾನು ಕೈಯ ಪಟ್ಟಿ ಕಾಣುವಂತೆ ಸೆರಗು ಸರಿಸಿಕೊಂಡಿದ್ದೆ. ಒಳಗೆ ಸುಜಾತಾ ಬಾಯಾರು ಫೋನು ನೋಡಿ ಮುಖ ಅರಳಿಸಿದರು.

"ಭಾಳ ಚಲೋ ಮಾಡೀರಿ ಶಾಂತವ್ವಾರ! ಎಲ್ಲಿ, ಟೇಬಲ್ ಮ್ಯಾಲಿನ ಆ ಕಪ್ ತೊಗೋರಿ ನೋಡೂಣು."

ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕಪ್ ಇತ್ತು. ನಾನು ನೋಡಿದೆ, ಅವರು ನೋಡಿದರು, ನನ್ನ ಗಂಡ ನೋಡಿದರು. ಕೈ ತೊಡೆಯ ಮೇಲಿತ್ತು. ಅಲ್ಲೇ ಇತ್ತು.

"ಮನ್ಯಾಗ ಹ್ಯಾಂಗ ಮಾಡ್ತೀರಿ?" ಎಂದರು ಬಾಯಾರು ಮೆಲ್ಲಗೆ. ನನ್ನ ಗಂಡ ಹೆಮ್ಮೆಯಿಂದಲೇ ಹೇಳತೊಡಗಿದರು. ಹಣಿಗೆ, ಅಂಚಿನ ಪಟ್ಟಿ, ಟಕ್ ಟಕ್. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ಬಾಯಾರು ನಗಲಿಲ್ಲ. ಬೈಯಲೂ ಇಲ್ಲ.

"ಕೈ ಅಲ್ಲಾಡಿದ್ದಷ್ಟ ಇದಕ್ಕ ಗೊತ್ತಾಗ್ತೈತ್ರಿ. ಯಾರ ಅಲ್ಲಾಡಿಸಿದ್ರು ಅಂತ ಗೊತ್ತಾಗಂಗಿಲ್ಲ. ಇಷ್ಟ ದಿನಾ ನೇದದ್ದು ನಿಮ್ಮ ಯಜಮಾನ್ರ ಕೈ. ನಿಮ್ಮದು ಅವರ ಬೆನ್ನ ಹತ್ತಿ ಹೋಗೇತಿ, ಅಷ್ಟ."

ಆಮೇಲೆ ನನ್ನ ಬೆರಳುಗಳ ನಡುವೆ ತಮ್ಮ ಎರಡು ಬೆರಳಿಟ್ಟು, "ಹಿಡೀರಿ" ಎಂದರು. ನಾನು ಹಲ್ಲು ಕಚ್ಚಿದೆ, ಉಸಿರು ಬಿಗಿದೆ. ಬಾಯಾರ ಕಣ್ಣು ಬದಲಾಯಿತು. "ಐತಿ. ಸೊಲ್ಪ ಐತಿ. ಇದ ನಿಮ್ಮದು." ನನಗೇನೂ ಗೊತ್ತಾಗಿರಲಿಲ್ಲ. ಹೊಸ ಕಟ್ಟಳೆ ಹಾಕಿದರು: ಇನ್ನು ಯಾರೂ ನನ್ನ ಕೈ ಆಡಿಸಕೂಡದು. ವ್ಯಾಯಾಮದ ಹೊತ್ತಿಗೆ ನನ್ನ ಒಳ್ಳೆಯ ಕೈಗೆ ಚೀಲ ಹಾಕಿ ಕಟ್ಟಬೇಕು, ಅದು ನಡುವೆ ಬಾಯಿ ಹಾಕಬಾರದು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಲಕ್ವಾ ಹೊಡೆದ ಮೇಲೆ ಅತ್ತದ್ದು ಅದೇ ಮೊದಲು. ಕೈ ಏಳಲಿಲ್ಲವೆಂದಲ್ಲ, ಏಳುತ್ತದೆಂದು ನಂಬಿಸಿ ಆ ಹಸಿರು ಬಳೆ ನನ್ನ ಮುಖಕ್ಕೆ ಹೊಡೆಯಿತಲ್ಲ ಎಂಬ ಸಿಟ್ಟು. ನನ್ನ ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನರೇಗಲ್ಲಿನಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಬಿಸಿ ಮಿರ್ಚಿಭಜಿ ತಂದು ಕಾಗದ ಬಿಚ್ಚಿ ಹಿಡಿದರು.

"ನಾ ಹಾಳ ಮಾಡಿದ್ನೆಲ್ಲ" ಎಂದರು.

"ಹಾಳ ಆಗ್ಲಿಕ್ಕೆ ಅಲ್ಲೇನ ಇತ್ರೀ?" ಎಂದೆ. ಅಳುವಿನ ನಡುವೆ ನಗು ಬಂತು, ಖಾರಕ್ಕೆ ಮೂಗಿನಲ್ಲಿ ನೀರೂ ಬಂತು. ಅವರೂ ನಕ್ಕರು.

ನನ್ನ ಕೈ ಕಟ್ಟಿದ್ದ ಆ ಹಳೆಯ ಅಂಚಿನಿಂದಲೇ ಈಗ ಅವರು ನನ್ನ ಬಲಗೈಗೆ ಚೀಲ ಬಿಗಿದರು. ಸಹಾಯ ಮಾಡದಿರುವುದು ಎಷ್ಟು ಕಷ್ಟದ ಕೆಲಸವೆಂದು ಆಗ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅತ್ತೆ ರಾಟಿ ತಿರುಗಿಸಿ ಕಂಡಿಕೆಗೆ, ಅಂದರೆ ಲಾಳಿಯೊಳಗಿಡುವ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದರು. ವಿಡಿಯೋದವರು ಲೋಟ ಎತ್ತಿಡಿ ಎಂದರೆ ನಾನು ಖಾಲಿ ಕಂಡಿಕೆ ಎತ್ತಿ ಅತ್ತೆಯ ಬುಟ್ಟಿಗೆ ಹಾಕಬೇಕು. ಎತ್ತುವ ಮಾತು ಎಲ್ಲಿ ಬಂತು, ಮುಟ್ಟುವುದಕ್ಕೇ ವಾರಗಳು ಹಿಡಿದವು. ಬೆರಳು ಮುಚ್ಚಿದರೆ ತೆರೆಯುತ್ತಿರಲಿಲ್ಲ. ಅತ್ತೆಯ ಕೈ ತಾನಾಗಿ ಮುಂದೆ ಬರುವುದು, ತಡೆದು ಹಿಂದಕ್ಕೆಳೆದುಕೊಳ್ಳುವರು. ನನ್ನ ಗಂಡನಂತೂ ತಡೆಯಲಾರದೆ ಎದ್ದು ಹೊರಗೇ ಹೋಗಿಬಿಡುತ್ತಿದ್ದರು. ಹಸಿರು ಬಳೆ ಈಗ ಬಾಲಚಂದ್ರನಷ್ಟು ತುಂಬಿ ನಿಲ್ಲುತ್ತಿತ್ತು. "ಪ್ರಯತ್ನ ಮುಂದುವರಿಸಿ" ಎನ್ನುತ್ತಿತ್ತು ಆ ಪುಸ್ತಕದ ದನಿ.

ಮೊದಲ ಕಂಡಿಕೆ ಬುಟ್ಟಿಗೆ ಬಿದ್ದಾಗ ಟಣ್ ಎಂದು ಸಣ್ಣ ಸಪ್ಪಳವಾಯಿತು. ಅತ್ತೆ ರಾಟಿ ನಿಲ್ಲಿಸಿದರು. ಬುಟ್ಟಿಯಿಂದ ಅದನ್ನು ತೆಗೆದು ಮತ್ತೆ ನನ್ನ ಮುಂದೆ ಇಟ್ಟರು.

ಅಷ್ಟರಲ್ಲಿ ಗಿರಿಜಕ್ಕನ ಫೋನು ಬಂತು. "ಮದಿವಿಗೆ ಬ್ಯಾರೆ ಸೀರಿ ತಂದೀವಿ ಶಾಂತಾ. ನೀ ಅವಸರ ಮಾಡಬ್ಯಾಡ, ಆರಾಮ ಆಗು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಫೋನಿಟ್ಟ ಮೇಲೆ, ಇನ್ನು ಆ ಸೀರೆಗಾಗಿ ಕಾಯುವವರು ಯಾರೂ ಇಲ್ಲವಲ್ಲ ಎಂದು ಎದೆ ಖಾಲಿಯಾಯಿತು. ಪಶ್ಚಿಮಕ್ಕೆ ಮೋಡ ಕಟ್ಟತೊಡಗಿತ್ತು. ನನ್ನ ಗಂಡ ಮಗ್ಗದ ಮೇಲಿನ ಧೋತರ ಎತ್ತಿ ನೂಲು ಮುಟ್ಟಿ ನೋಡಿ, ಮತ್ತೆ ಮುಚ್ಚಿದರು.

"ಮುಚ್ಚಬ್ಯಾಡ್ರಿ. ನಾ ಕುಂಡ್ರತೀನಿ" ಎಂದೆ.

ಅವರು ನನ್ನನ್ನು ಕುಣಿಯ ಅಂಚಿಗೆ ಕೂರಿಸಿ, ಪಕ್ಕದಲ್ಲೇ ಕೂರಲು ನೋಡಿ, ನೆನಪಾಗಿ ಎದ್ದು ಬಾಗಿಲಾಚೆ ಹೋಗಿ ನಿಂತರು. ಬಲಗೈ ಹಗ್ಗ ಎಳೆಯಿತು, ಲಾಳಿ ಓಡಿತು. ಎಡಗೈಯ ಬೆರಳನ್ನು ಹಣಿಗೆಯ ಮರದ ಮೇಲೆ ಇಟ್ಟು, ಬಾ ಎಂದೆ. ಸೊಂಟವೂ ಭುಜವೂ ಜೊತೆಗೆ ಎಳೆದವು. ಮರ ಬಂತು. ಮೆತ್ತಗೆ, ನಿದ್ದೆಗಣ್ಣಿನಲ್ಲಿ ಬಂದಂತೆ ಬಂತು, ಆದರೂ ಬಂತು. ಟಕ್ ಅನ್ನಲಿಲ್ಲ, ತುಸು ತಟ್ಟಿದಂತಾಯಿತು. ಮತ್ತೊಮ್ಮೆ ಲಾಳಿ, ಮತ್ತೊಮ್ಮೆ ತಟ್ಟು. ಅಡುಗೆಮನೆಯಲ್ಲಿ ರೊಟ್ಟಿಯ ಬಡಿತ ನಿಂತಿತು.

"ಕುಂಟಾಕತ್ತೈತ್ರಿ ಅತ್ತಿ" ಎಂದು ನಾನೇ ಕೂಗಿದೆ.

"ಕುಂಟ್ಲಿ ಬಿಡವಾ" ಎಂದರು ಗೋಡೆಯಾಚೆಯಿಂದ. "ನಡದೈತೆಲ್ಲ."

ದಿನಕ್ಕೆ ಗೇಣುದ್ದವೂ ಆಗುತ್ತಿರಲಿಲ್ಲ. ಎರಡು ಮಳೆ ಬಿದ್ದೇ ಬಿದ್ದವು. ನನ್ನ ಗಂಡ ಸಂಜೆ ಸಂಜೆ ಮಗ್ಗದ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕಿ ನೂಲು ಕಾದರು. ಕೊನೆಯ ಎಳೆ ಕೂತ ದಿನ ದಣಿದು ಗೋಡೆಗೊರಗಿದ್ದೆ. ಮಣಿಕಟ್ಟಿನ ಪಟ್ಟಿ ಗುರ್ ಎಂದಿತು, ಫೋನು ಮಾತಾಡಿತು: "ಇಂದಿನ ಗುರಿಯನ್ನು ನೀವು ತಲುಪಿಲ್ಲ." ಬಳೆ ಅರ್ಧವೇ ಹಸಿರಾಗಿತ್ತು.

"ನಿನಗೇನ ಗೊತ್ತೈತಿ, ಸುಮ್ಮನ ಕುಂದರ" ಎಂದು ಅತ್ತೆ ಅದನ್ನು ಬೋರಲು ಹಾಕಿದರು. ಆಮೇಲೆ ಸೀರೆಯ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತರು. ಗೆರೆ ಇತ್ತು. ಅಲ್ಲಿಯವರೆಗೆ ಬಿಗಿ, ಅಲ್ಲಿಂದಾಚೆಗೆ ಸಡಿಲು. ಒಂದೇ ಸೀರೆ, ಒಬ್ಬಳೇ ನೇದದ್ದು, ಆದರೂ ಎರಡು ಕೈ ಬಿದ್ದಿತ್ತು. ಮಾರಾಟಕ್ಕೆ ಬರುವ ಸೀರೆಯಲ್ಲ. ನೇಯುವವರ ಮೈಮೇಲೆ ಯಾವಾಗಲೂ ಅಂಗಡಿಯ ನೈಲಾನು. ನಾನು ನೇದ ಸೀರೆ ನಾನೇ ಉಟ್ಟದ್ದು ಅದೇ ಮೊದಲು.

ಅದನ್ನು ಉಟ್ಟುಕೊಂಡೇ ಕೈಪಟ್ಟಿ ಮರಳಿ ಕೊಡಲು ಗದಗಿಗೆ ಹೋದೆ. ಕೈ ಈಗಲೂ ಮೊದಲಿನದಲ್ಲ. ಚಳಿಗೆ ಸೆಟೆಯುತ್ತದೆ, ದಣಿದರೆ ಮುಷ್ಟಿ ಕಟ್ಟುತ್ತದೆ, ಗುಂಡಿ ಹಾಕಲು ಒಲ್ಲದು. ಕಪ್ ಎತ್ತುತ್ತದೆ.

ಕಾಯುವ ಕೋಣೆಯಲ್ಲಿ ಅದೇ ಬೆಂಚು. ಪಕ್ಕದಲ್ಲಿ ಕೊಣ್ಣೂರಿನ ಗಂಡಹೆಂಡತಿ. ಗಂಡನಿಗೆ ಲಕ್ವಾ ಹೊಡೆದು ಹೆಚ್ಚು ದಿನ ಆಗಿರಲಿಲ್ಲ, ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಹೆಂಡತಿಯ ಕೈಯಲ್ಲಿ ಅದೇ ಆ್ಯಪು, ಅದೇ ಬೂದು ಸುತ್ತು. ಅವಳು ನನ್ನ ಕೈ ನೋಡಿದಳು, ಗೋಡೆ ನೋಡಿದಳು, ಆಮೇಲೆ ತಡೆಯಲಾರದೆ ಕೇಳಿದಳು.

"ಅಕ್ಕಾರ, ಮೊದಲಿನಂಗ ಆಗ್ತೈತೇನ್ರಿ?"

ಹೂಂ ಎಂದರೆ ಸುಳ್ಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಉಟ್ಟ ಸೀರೆಯ ನೆರಿಗೆ ಮಡಿಲ ಮೇಲೆ ಬಿಡಿಸಿ ಅವಳ ಕೈಗೆ ಕೊಟ್ಟೆ.

"ಇದನ್ನ ನಾನ ನೇದೀನಿ. ಬೆರಳ ಆಡಿಸಿ ನೋಡ್ರಿ, ಎಲ್ಲಿ ಬ್ಯಾರೆ ಆಗೇತಿ?"

ಹೊಲದ ಕೆಲಸದ ಒರಟು ಬೆರಳು. ನಿಧಾನವಾಗಿ ಸರಿದು ಬಂದು ನಿಂತಿತು. "ಇಲ್ಲೈತ್ರಿ. ಇಲ್ಲಿಂದ ಸಡ್ಲ ಐತಿ."

"ಅಲ್ಲೇ ನನಗ ಲಕ್ವಾ ಹೊಡದದ್ದು" ಎಂದೆ. ಅವಳು ಬೆರಳು ಹಿಂದೆ ತೆಗೆಯಲು ನೋಡಿದಳು. ನಾನು ಅವಳ ಕೈಯ ಮೇಲೆ ನನ್ನ ಎಡಗೈ ಇಟ್ಟೆ.

"ನಿಂದರಬ್ಯಾಡ್ರಿ. ಮುಂದೂ ಸೀರಿ ಐತಿ, ನೋಡ್ರಿ."